ಎರಡಕ್ಷರದ ಬಾಲ

ಅವನ ಕೆಲಸಕ್ಕೆ ಕಾಗದದ ಮೇಲಿದ್ದ ಹೆಸರು 'ಅರ್ಹತಾ ಪರಿಶೀಲಕ'. ನೇಮಕದ ಪತ್ರ ಬಂದ ದಿನ ಅಕ್ಕ ಅದನ್ನು ಎರಡು ಸಲ ಓದಿ, "ನಿನ್ನ ಅರ್ಹತೇನ ಯಾರೂ ಸರಿಯಾಗಿ ಪರಿಶೀಲಿಸಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇನೋ?" ಎಂದಿದ್ದಳು. ಒಳಗೊಳಗೆ ಅವನಿಗೂ ಅದೇ ಅನುಮಾನವಿತ್ತು. ಆದರೆ ನೀಲಿ ಪಟ್ಟಿಯ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡು ಮೂರನೇ ಮಹಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಮೇಲೆ ಅನುಮಾನ ಮೆಲ್ಲಗೆ ಜಾಗ ಖಾಲಿ ಮಾಡಿತು. ಅಲ್ಲಿಗೆ ಗತ್ತು ಬಂದು ಕೂತಿತು.

ಕೆಲಸ ಇಷ್ಟೇ. ಇಂಟರ್ನೆಟ್ಟಿನಲ್ಲಿ ಯಾರಾದರೂ ತಮ್ಮದೊಂದು ವಿಳಾಸ ಮಾಡಿಕೊಳ್ಳಬೇಕೆಂದರೆ ಮೊದಲು ಹೆಸರು, ಆಮೇಲೊಂದು ಚುಕ್ಕಿ, ಚುಕ್ಕಿಯಾದ ಮೇಲೆ ಏನಾದರೊಂದು ಕೊನೆ ಬೇಕು. ಆ ಕೊನೆಗಳಲ್ಲಿ ದೇಶದ್ದೂ ಒಂದು. ಬರೀ ಎರಡಕ್ಷರ. ಕಚೇರಿಯಲ್ಲಿ ಅದಕ್ಕೆ ಎಲ್ಲರೂ 'ಬಾಲ' ಎನ್ನುತ್ತಿದ್ದರು. ಬೇರೆ ಬಾಲಗಳನ್ನು ಯಾರು ಬೇಕಾದರೂ ಎಲ್ಲಿ ಕೂತಾದರೂ ತೆಗೆದುಕೊಳ್ಳಬಹುದು. ದೇಶದ ಬಾಲ ಹಾಗಲ್ಲ. ಅದು ಬೇಕೆನ್ನುವವರು ಒಂದೋ ಈ ದೇಶದ ಪ್ರಜೆಯಾಗಿರಬೇಕು, ಇಲ್ಲವೇ ಅನುಮತಿ ಪಡೆದು ಇಲ್ಲಿ ನೆಲೆಸಿದವರಾಗಿ, ಕಡೇಪಕ್ಷ ಒಂದು ವರ್ಷ ಎಡೆಬಿಡದೆ ಇಲ್ಲೇ ಇದ್ದೇನೆಂದು ದಾಖಲೆ ತೋರಿಸಬೇಕು. ಯಾರಿಗೆ ಬಾಲ ಅಂಟಿಸಬಹುದು, ಯಾರಿಗೆ ಬೇಡ ಎಂದು ನೋಡುವವನು ಇವನು. ಬೆಳಗಿನಿಂದ ಸಂಜೆವರೆಗೆ ಬಾಲ ನೋಡಿಕೊಂಡು ಕೂರುವ ಪ್ರಾಣಿ ಇಡೀ ಕಟ್ಟಡದಲ್ಲಿ ತಾನೊಬ್ಬನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಬೇರೆಯವರು ಹೇಳುವುದಕ್ಕೆ ಮುಂಚೆ.

ಅವನಿಗೇ ಬಾಲ ಬೇಕಾಗಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಅವನು ಪ್ರಜೆ. ಅದಕ್ಕಾಗಿ ಅವನು ಮಾಡಿದ್ದು ಹುಟ್ಟಿದ್ದೊಂದೇ. ಅದನ್ನೂ ಡಾಕ್ಟರು ಕೊಟ್ಟ ತಾರೀಖಿಗಿಂತ ಹನ್ನೆರಡು ದಿನ ತಡವಾಗಿ ಮಾಡಿದ ಎಂದು ಅಮ್ಮ ಈಗಲೂ ದೂರುತ್ತಿದ್ದಳು.

ಅರ್ಜಿ ನಾಲ್ಕು ಪುಟದ್ದು. ನಾಲ್ಕೂ ಪುಟ ಓದುವ ತಾಳ್ಮೆ ಮೊದಲ ತಿಂಗಳಿಗೇ ಮುಗಿದಿತ್ತು. ಆಗ ಅವನೊಂದು ಒಳದಾರಿ ಕಂಡುಹಿಡಿದ. ಮೊದಲ ಪುಟದ ಆರನೇ ಕಲಮಿನಲ್ಲಿ 'ಖಾಯಂ ವಿಳಾಸ' ಅಂತಿತ್ತು. ಅಲ್ಲಿ ಬೇರೆ ದೇಶದ ಊರು ಕಂಡರೆ ಸಾಕು, ಹೊರಗಿನವರು ಎಂದು ತೀರ್ಮಾನಿಸಿ ಒಂದು ಗುಂಡಿ ಒತ್ತುವುದು. ಆ ಕಡೆ ಪತ್ರ ತಾನಾಗಿಯೇ ಹೋಗುತ್ತಿತ್ತು: 'ತಮ್ಮ ಅರ್ಜಿಯನ್ನು ವಿಷಾದದಿಂದ ಹಿಂತಿರುಗಿಸಲಾಗಿದೆ.' ಆ ಗುಂಡಿಗೇ 'ವಿಷಾದ' ಎಂದು ಹೆಸರು. ಒಂದು ಬೆಳಿಗ್ಗೆಯಂತೂ ಅವನು ಹದಿನೇಳು ಸಲ ವಿಷಾದಪಟ್ಟು, ಹಸಿವಾಗಿ, ಎಲ್ಲರಿಗಿಂತ ಮುಂಚೆ ಊಟಕ್ಕೆ ಎದ್ದಿದ್ದ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಅವನ ಚೀಲದ ಜಿಪ್ ಕೈಕೊಟ್ಟಿತು. ಬಸ್ಸಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಬಾಯಿ ಬಿಟ್ಟು, ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ ಮೆಟ್ಟಿಲ ಮೇಲೆ ಉರುಳಿ, ಸಾಲಿನಲ್ಲಿದ್ದವರೆಲ್ಲ ಅವನ ಊಟವನ್ನು ನೋಡುವಂತಾಯಿತು. ಡಬ್ಬಿ ಎತ್ತಿಕೊಟ್ಟ ಕಂಡಕ್ಟರು, "ಹಿಂದಿನ ಗಲ್ಲಿಗೆ ಹೋಗಿ. ಜಿಪ್ಪಕ್ಕ ಇದ್ದಾಳೆ" ಎಂದ.

ಗಲ್ಲಿಯ ನಡುವೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಗೋಡೆಯ ಮೊಳೆಗಳಲ್ಲಿ ಬಣ್ಣಬಣ್ಣದ ಜಿಪ್ಪುಗಳು ಜಡೆಗಳ ಹಾಗೆ ಇಳಿಬಿದ್ದಿದ್ದವು. ಒಂದು ಹೊಲಿಗೆ ಯಂತ್ರ, ಮೂರು ಇಕ್ಕಳ, ಅರ್ಧ ಸವೆದ ಮೇಣದ ಬತ್ತಿ. ಇಷ್ಟರ ನಡುವೆ ಐವತ್ತೈದರ ಆಸುಪಾಸಿನ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು, ಒಂದು ಸೂಟ್‌ಕೇಸಿನ ಹೊಟ್ಟೆಯೊಳಗೆ ತಲೆ ಹಾಕಿ ಕೂತಿದ್ದಳು.

ತಲೆ ಎತ್ತಿ ಅವನನ್ನೊಮ್ಮೆ ನೋಡಿ, "ಏನಪ್ಪಾ, ಬಾಯಿ ಮುಚ್ಚೋಕಾಗ್ತಿಲ್ವಾ?" ಎಂದಳು.

ಅವನು ಗಾಬರಿಯಿಂದ ಬಾಯಿ ಮುಚ್ಚಿಕೊಂಡ.

"ನಿಂದಲ್ಲ. ಚೀಲದ್ದು ಕೇಳಿದ್ದು."

ಅಂಗಡಿಯ ಮುಂದೆ ಸ್ಟೂಲಿನ ಮೇಲೆ ನಿಂತು ಬಾಗಿಲ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದ ಗಂಡಸು ಕಿಸಕ್ಕನೆ ನಕ್ಕ. ಅವನು ಅವಳ ಮೈದುನ, ಬೋರ್ಡು ಬರೆಯುವವನು. ಅವನ ತಲೆಯ ಮೇಲೆ ಹೊಚ್ಚ ಹೊಸ ಬೋರ್ಡು. ಅದರ ಮೇಲೆ ಕೆಂಪಕ್ಷರದಲ್ಲಿ 'ಜಿಪ್ಪಕ್ಕ', ಪಕ್ಕದಲ್ಲಿ ದಪ್ಪನೆಯ ಚುಕ್ಕಿ. ಚುಕ್ಕಿಯಾದ ಮೇಲೆ ಎರಡಕ್ಷರದ ಜಾಗಕ್ಕೆ ಕಂದು ಬಣ್ಣದ ಟೇಪು ಅಂಟಿಸಿತ್ತು.

ಪರಿಶೀಲಕನ ಕಣ್ಣು ಟೇಪಿನ ಮೇಲೆ ನಿಂತಿತು. ಟೇಪಿನ ಅಡಿಯಲ್ಲಿ ಏನಿದೆ ಎಂದು ಆ ಗಲ್ಲಿಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಹಲ್ಲೆಲ್ಲ ಗಟ್ಟಿಯಾಗೇ ಇವೆ," ಎಂದಳು ಜಿಪ್ಪಕ್ಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. "ಮೇಲೆ ಓಡಾಡುತ್ತಲ್ಲ ಈ ರನ್ನರ್, ಇದು ಸಡಿಲ ಆಗಿದೆ. ಜನ ಏನ್ ಮಾಡ್ತಾರೆ, ಹಲ್ಲು ಹೋಯ್ತು ಅಂತ ಇಡೀ ಜಿಪ್ಪನ್ನೇ ಕಿತ್ತು ಬಿಸಾಕ್ತಾರೆ." ಮಾತಾಡುವಾಗ ಅವಳ ಮುಂದಿನ ಹಲ್ಲೊಂದು ಬೇರೆಯವಕ್ಕಿಂತ ಬೆಳ್ಳಗೆ ಮಿಂಚಿತು. ಅವನು ನೋಡಿದ್ದು ಅವಳಿಗೆ ತಿಳಿಯಿತು. "ಹೊಸದು. ಊರವರ ಹಲ್ಲೆಲ್ಲ ನಾನು ಹತ್ತು ನಿಮಿಷಕ್ಕೆ ಸರಿ ಮಾಡ್ತೀನಿ. ನಂದು ಸರಿಯಾಗೋಕೆ ಹದಿನಾಲ್ಕು ತಿಂಗಳು ಹಿಡೀತು ನೋಡು."

ಬೋರ್ಡಿಗೇಕೆ ಟೇಪು ಎಂದು ಕೇಳಬಾರದಿತ್ತು. ಅವನ ನಾಲಿಗೆ ಕೇಳಿಬಿಟ್ಟಿತು.

"ಅತ್ತಿಗೆ, ಹೇಳಿ ಹೇಳಿ," ಎಂದು ಮೈದುನ ಸ್ಟೂಲಿನಿಂದಲೇ ಉತ್ಸಾಹ ತುಂಬಿದ.

ಮುಂದಿನ ತಿಂಗಳು ಬಸ್ ನಿಲ್ದಾಣ ಊರಿನ ಆ ಕೊನೆಗೆ ಹೋಗುತ್ತದೆ. ಬಾಯಿ ಬಿಟ್ಟ ಚೀಲ ಹೊತ್ತು ಅಷ್ಟು ದೂರದಿಂದ ಈ ಗಲ್ಲಿಗೆ ಯಾರು ಬರುತ್ತಾರೆ? ಅದಕ್ಕೇ ಮೈದುನ ಒಂದು ಉಪಾಯ ಹೂಡಿದ್ದ: ಜನ ಇಂಟರ್ನೆಟ್ಟಿನಲ್ಲಿ ಬರೆಯಲಿ, ತಾನು ಸ್ಕೂಟರಿನಲ್ಲಿ ಹೋಗಿ ಚೀಲ ತರುತ್ತೇನೆ, ಅತ್ತಿಗೆ ಹೊಲಿಯಲಿ, ಮತ್ತೆ ಕೊಟ್ಟು ಬರುತ್ತೇನೆ. ಅರ್ಜಿ ಹಾಕಿದ ದಿನವೇ ಬೋರ್ಡನ್ನೂ ಬರೆದುಬಿಟ್ಟ. ಅವಳೂ ಕಮ್ಮಿಯಿರಲಿಲ್ಲ. ರಿಪೇರಿ ಮಾಡಿದ ಪ್ರತಿ ಚೀಲದ ಒಳಗೂ ಹೊಲಿಯಲೆಂದು ಬಟ್ಟೆಯ ಪಟ್ಟಿಗಳ ಮೇಲೆ ಕೆಂಪು ದಾರದಲ್ಲಿ ಆ ವಿಳಾಸ ಕಸೂತಿ ಮಾಡಿ ಇಟ್ಟಿದ್ದಳು. ಬಾಲ ಸಮೇತ. ಆರುನೂರು ಪಟ್ಟಿ.

"ಆಮೇಲೆ ಬಂತು ನೋಡು ಪತ್ರ." ಹೊಲಿಗೆ ಯಂತ್ರದ ಮೇಲೆ ಅಂಟಿಸಿದ್ದ ಕಾಗದವನ್ನು ತೋರಿಸಿದಳು. "'ವಿಷಾದದಿಂದ' ಅಂತೆ. ಪಾಪ, ಯಾವನೋ ಎಷ್ಟು ನೊಂದ್ಕೊಂಡನೋ ಏನೋ. ಅಷ್ಟೊಂದು ಬೇಜಾರು ಮಾಡ್ಕೋಬೇಡಪ್ಪ ಅಂತ ಉತ್ತರ ಬರೆಯೋಣ ಅಂತಿದ್ದೆ. ಕೆಳಗೆ ನೋಡಿದ್ರೆ 'ಈ ಪತ್ರಕ್ಕೆ ಉತ್ತರಿಸಬೇಡಿ' ಅಂತಿದೆ."

ಅವನ ಕೈ ತಾನಾಗಿ ಕೊರಳಿಗೆ ಹೋಗಿ, ಗುರುತಿನ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿತು. ನೀಲಿ ಪಟ್ಟಿ ಮಾತ್ರ ಹೊರಗೇ ಉಳಿಯಿತು.

"ಅರ್ಜೀಲಿ... ಖಾಯಂ ವಿಳಾಸ ಅಂತ ಇರುತ್ತಲ್ಲ, ಅಲ್ಲಿ ಏನು ಬರೆದ್ರಿ?"

"ನಮ್ಮಮ್ಮನ ಮನೆದು. ಗಡಿಯಾಚೆ. ಹುಟ್ಟಿದ ಮನೆ ತಾನೇ ಖಾಯಂ? ಮಿಕ್ಕಿದ್ದೆಲ್ಲ ಬದಲಾಗುತ್ತೆ. ಇಲ್ಲಿಗೆ ಬಂದ ಮೇಲೇ ಐದು ಮನೆ ಬದಲಾಯಿಸಿದ್ದೀವಿ."

ಬಂದಿದ್ದು ಮೂವತ್ತೊಂದು ವರ್ಷದ ಹಿಂದೆ, ಮದುವೆಯಾಗಿ ಹದಿನೈದನೇ ದಿನ, ಗಂಡನ ಜೊತೆ ಬಸ್ಸಿನಲ್ಲಿ. ಇದೇ ನಿಲ್ದಾಣದಲ್ಲಿ ಇಳಿಯುವಾಗ ಅವಳ ಸೂಟ್‌ಕೇಸಿನ ಜಿಪ್ ಕಿತ್ತು, ಹೊಸ ಮದುಮಗಳ ಬಟ್ಟೆಯೆಲ್ಲ ಊರವರ ಕಾಲಬುಡದಲ್ಲಿ ಹರಡಿಕೊಂಡಿತಂತೆ. ರಿಪೇರಿ ಮಾಡುವವರು ಇಡೀ ಊರಲ್ಲಿ ಒಬ್ಬರೂ ಇಲ್ಲ. ಡ್ರೈವರಿನಿಂದ ಇಕ್ಕಳ, ಹೋಟೆಲಿನಿಂದ ಮೇಣದ ಬತ್ತಿ ಇಸಕೊಂಡು ಅಲ್ಲೇ ಕೂತು ಅವಳೇ ಸರಿಮಾಡಿದಳು. ಹಲ್ಲಿಗೆ ಮೇಣ ಉಜ್ಜುವಾಗ ನೋಡುತ್ತ ನಿಂತಿದ್ದವರಲ್ಲಿ ಮೂವರು ತಮ್ಮ ಚೀಲವನ್ನೂ ಮುಂದೆ ಚಾಚಿದರು. "ಗಂಡನ ಮನೆ ಹೊಸ್ತಿಲು ದಾಟೋಕೆ ಮುಂಚೆ ಅಂಗಡಿ ಶುರುವಾಗಿತ್ತು," ಎಂದು ಜಿಪ್ಪಕ್ಕ ನಕ್ಕಳು.

"ಇಲ್ಲಿಯವರೇ ಆಗಿಬಿಡಬಹುದಿತ್ತಲ್ಲ, ಪ್ರಜೆ ಅಂತ?"

"ಕೇಳಿದ್ರು. ಅಲ್ಲಿಯದನ್ನ ಬಿಟ್ಟುಕೊಡ್ತೀನಿ ಅಂತ ಬರ್ಕೊಡು ಅಂದ್ರು. ಅಮ್ಮನಿಗೆ ಎಂಬತ್ನಾಲ್ಕು. ಅವಳು ಇರೋವರೆಗೂ ಹಾಗಂತ ಬರೆಯೋಕೆ ಕೈ ಬರಲ್ಲಪ್ಪ. ಇಲ್ಲಿರೋಕೆ ಕಾರ್ಡಿದೆ, ಸಾಕು."

"ಇವರ ಹೆಸರಲ್ಲಿ ಅರ್ಜಿ ಹಾಕಬಹುದಲ್ವಾ?" ಅವನು ಮೈದುನನತ್ತ ಕೈ ತೋರಿಸಿದ.

ಅವಳು ಇಕ್ಕಳದಿಂದ ರನ್ನರಿನ ಎರಡು ಕೆನ್ನೆಗಳನ್ನು ಮೆಲ್ಲಗೆ ಒತ್ತಿದಳು. "ಅಂಗಡಿ ಕರಾರು ಇವನ ಹೆಸರಲ್ಲಿ. ಮನೆ, ಕರೆಂಟು, ನೀರು ಎಲ್ಲ ಗಂಡನ ಹೆಸರಲ್ಲಿ. ಫೋನು ಮಗಳ ಹೆಸರಲ್ಲಿ. ನನ್ನ ಹೆಸರಾದ್ರೂ ನನ್ನ ಹೆಸರಲ್ಲಿ ಇರಲಿ ಅಂತ." ಜಿಪ್ ಎಳೆದಳು. ಸರ್ರನೆ ಮುಚ್ಚಿಕೊಂಡಿತು. "ಶುಕ್ರವಾರದವರೆಗೆ ಹೆಸರು ತೆಗೆದಿಟ್ಟಿರ್ತಾರಂತೆ. ಆಮೇಲೆ ಯಾರು ಬೇಕಾದ್ರೂ ತಗೋಬಹುದಂತೆ. ಎದುರಿನ ಅಂಗಡಿಯವನು ಆಗಲೇ ಕೇಳಿದ್ದಾನೆ."

ಎದುರಿಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಹೊಸ ಚೀಲಗಳು. ಇಂಟರ್ನೆಟ್ಟಿನಲ್ಲಿ ಜಿಪ್ಪಕ್ಕನನ್ನು ಹುಡುಕುವವರೆಲ್ಲ ಇನ್ನು ಮೇಲೆ ಅಲ್ಲಿಗೆ ಹೋಗಿ ಬೀಳುತ್ತಾರೆ. ಅವಳ ಆರುನೂರು ಪಟ್ಟಿಗಳೂ ಆ ಅಂಗಡಿಗೇ ದಾರಿ ತೋರಿಸುತ್ತವೆ.

ಅವನು ಚೀಲ ಬಗಲಿಗೆ ಹಾಕಿಕೊಂಡು, ಬಾಲ ಮುದುರಿಕೊಂಡು ಹೊರಟ.

ಕಚೇರಿಯಲ್ಲಿ ಅವಳ ಅರ್ಜಿಯನ್ನು ತೆಗೆದು, ಎರಡು ವರ್ಷದ ಹಿಂದಿನ ಆ ಮೊದಲ ತಿಂಗಳಾದ ಮೇಲೆ ಮೊದಲ ಬಾರಿಗೆ, ನಾಲ್ಕೂ ಪುಟ ಓದಿದ. ಎರಡನೇ ಪುಟದಲ್ಲಿ ವಾಸದ ಕಾರ್ಡಿನ ಪ್ರತಿ ಇತ್ತು, ಅವಧಿ ಇನ್ನೂ ಮೂರು ವರ್ಷ. ಮೂರನೇ ಪುಟದಲ್ಲಿ ಸದ್ಯದ ವಿಳಾಸ, ಗುಂಡಗುಂಡಗೆ ಬರೆದದ್ದು. ನಾಲ್ಕನೇ ಪುಟದ 'ಒಂದು ವರ್ಷದ ವಾಸಕ್ಕೆ ದಾಖಲೆ' ಖಾಲಿ. ಆ ಕೊರತೆ ತುಂಬಿ ಎಂದು ಕೇಳಬೇಕಾದವನು ಆರನೇ ಕಲಮಿಗೇ ವಿಷಾದಪಟ್ಟು ಊಟಕ್ಕೆ ಎದ್ದಿದ್ದ.

ವಿಭಾಗದ ಮೇಲಧಿಕಾರಿಗೆ ಎಲ್ಲರೂ ಬೆನ್ನ ಹಿಂದೆ 'ಕಲಂ ಮೇಡಂ' ಎನ್ನುತ್ತಿದ್ದರು. ನಿಯಮದ ಪುಸ್ತಕ ಅವರ ಮೇಜಿನ ಮೇಲಿತ್ತಾದರೂ ಅದನ್ನು ತೆರೆದದ್ದನ್ನು ಯಾರೂ ಕಂಡಿರಲಿಲ್ಲ; ಅಗತ್ಯ ಬೀಳುತ್ತಿರಲಿಲ್ಲ.

"ಮೇಡಂ, ಖಾಯಂ ವಿಳಾಸ ಹೊರಗಿದ್ರೆ..."

"ಇದ್ರೆ ಏನ್ರೀ? ಅರ್ಹತೆಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದೊಮ್ಮೆ ಪತ್ರ ಕಳಿಸಬೇಕಾದ್ರೆ ಇರಲಿ ಅಂತ ಇಟ್ಟಿರೋದು."

"ಹಾಗಿದ್ರೆ ನಾನು ಎರಡು ವರ್ಷದಿಂದ..."

"ಎರಡು ವರ್ಷದಿಂದ?" ಮೇಡಂ ಪೆನ್ನು ಕೆಳಗಿಟ್ಟರು.

ಹೇಳಿದ. ಹೇಳುತ್ತ ಹೇಳುತ್ತ ತಾನು ಕುಳ್ಳಗಾಗುತ್ತಿರುವಂತೆ ಅವನಿಗೆ ಅನ್ನಿಸಿತು. ಮೇಡಂ ಕಿರುಚಲಿಲ್ಲ. ಅವರು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ, "ಆರನೇ ಕಲಮಿಗೆ ವಾಪಸ್ ಹೋಗಿರೋದು ನಾನೂರ ಹನ್ನೆರಡು," ಎಂದರು. "ಮುಂದಿನ ಸೋಮವಾರದಿಂದ ಒಂದೊಂದೇ ತೆಗೆದು ನಾಲ್ಕನೇ ಪುಟದವರೆಗೂ ಓದಿ. ಈಗ ಈ ಹೆಂಗಸಿನ ವಿಷಯ. ನಿಮ್ಮ ತಪ್ಪಿಗೆ ಅರ್ಜಿ ಮತ್ತೆ ತೆರೆಯಬಹುದು. ಆದ್ರೆ ನಿಮ್ಮ ತಪ್ಪು ಅವರಿಗೆ ದಾಖಲೆ ಆಗಲ್ಲ. ಅವರದೇ ಹೆಸರು, ವಿಳಾಸ, ತಾರೀಖು, ಮೊಹರು ಇರೋದು ಏನಾದ್ರೂ ತನ್ನಿ. ಹನ್ನೆರಡು ತಿಂಗಳು, ನಡುವೆ ಒಂದೂ ಬಿಡದೆ. ಶುಕ್ರವಾರ ಐದು ಗಂಟೆ. ಐದೂ ಕಾಲು ಅಲ್ಲ."

ಮಂಗಳವಾರ ಅವನು ಗಲ್ಲಿಗೆ ಹೋಗಿ, ಗುರುತಿನ ಚೀಟಿಯನ್ನು ಜೇಬಿನಿಂದ ತೆಗೆದು, ಎದೆಯ ಮೇಲೆ ಕಾಣುವಂತೆ ಬಿಟ್ಟುಕೊಂಡು ನಿಂತ.

ಜಿಪ್ಪಕ್ಕ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಓದಿದಳು. ಯಂತ್ರದ ಮೇಲಿನ ಪತ್ರವನ್ನೂ ಓದಿದಳು. ಮತ್ತೆ ಚೀಟಿ.

"ವಿಷಾದ ನೀನೇನಾ?"

"ಹೂಂ ಅಕ್ಕ."

"ನಿನ್ನೆನೇ ಗೊತ್ತಿತ್ತಾ?"

"ಹೂಂ."

"ಜಿಪ್ ಹಾಕಿಸ್ಕೊಂಡು ಹೋದೆ!" ಎಂದು ಅವಳು ಮೈದುನನತ್ತ ತಿರುಗಿದಳು. "ನೋಡೋ, ನಾನು ಇವನಿಗೆ ಸಮಾಧಾನ ಹೇಳ್ಬೇಕು ಅಂತಿದ್ದೆ." ಬೈಯುತ್ತಾಳೆಂದು ಅವನು ಕಾದ. ಅವಳು ಸ್ಟೂಲನ್ನು ಅವನ ಕಡೆ ಒದ್ದಳು. "ಕೂತ್ಕೋ. ವಿಷಾದಪಟ್ಟಿದ್ದು ಸಾಕು. ಈಗ ಏನು ಮಾಡ್ಬೇಕು ಹೇಳು."

ಬಿಸ್ಕತ್ತಿನ ಹಳೇ ಡಬ್ಬ ಹೊರಗೆ ಬಂತು, ಮನೆಯ ಕಾಗದಪತ್ರವೆಲ್ಲ ಅದರಲ್ಲಿ. ಮಂಗಳವಾರ, ಬುಧವಾರ, ಗುರುವಾರ ಊಟದ ಬಿಡುವಿನಲ್ಲಿ ಮೂವರೂ ಕೂತು ಒಂದೊಂದನ್ನೇ ಹರಡಿದರು. ನೀರಿನದು, ಗಂಡ. ಗ್ಯಾಸಿನದು, ಗಂಡ. ಸ್ಕೂಟರಿನದು, ಮೈದುನ. ಮಗಳ ಕಾಲೇಜಿನ ಪತ್ರದಲ್ಲಿ ತಾಯಿಯ ಹೆಸರಿತ್ತು, ಆದರೆ ತಪ್ಪಾಗಿ. ಅವಳ ಹೆಸರಿನಲ್ಲಿ ಸಿಕ್ಕಿದ್ದು ಒಂದೇ ಒಂದು: ಹೊಲಿಗೆ ಯಂತ್ರದ ಗ್ಯಾರಂಟಿ ಕಾರ್ಡು. ಅದರ ಅವಧಿ ಮುಗಿದು ಹತ್ತೊಂಬತ್ತು ವರ್ಷವಾಗಿತ್ತು.

"ಇಡೀ ಊರು ಸಾಕ್ಷಿ ಹೇಳುತ್ತೆ," ಎಂದ ಮೈದುನ. "ಕರೀಲಾ?"

"ಊರಿಗೆ ಮೊಹರು ಇಲ್ಲ," ಎಂದ ಇವನು. ಹಾಗಂದದ್ದೇ ತಾನೂ ಕಲಂ ಮೇಡಮ್ಮಿನ ಹಾಗೆ ಮಾತಾಡುತ್ತಿದ್ದೇನೆ ಅನ್ನಿಸಿ ಬೆಚ್ಚಿದ.

"ನಿನ್ನ ಹೆಸರಲ್ಲಿ ಏನೇನಿದೆಯಪ್ಪ?" ಜಿಪ್ಪಕ್ಕ ಸುಮ್ಮನೆ ಕೇಳಿದಳು.

ಅವನು ಯೋಚಿಸಿದ. ಇರುವುದು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಮನೆ, ಕರೆಂಟು ಭಾವನ ಹೆಸರಲ್ಲಿ. ಅದಕ್ಕೆ ಮುಂಚಿನ ನಾಲ್ಕು ಕೋಣೆಗಳಲ್ಲಿ ಗೆಳೆಯರ ಹೆಸರಿತ್ತು. "ಈ ಗುರುತಿನ ಚೀಟಿ," ಎಂದ. "ಅದರಲ್ಲೂ ಫೋಟೋ ಬೇರೆ ಯಾರದೋ ಥರ ಬಂದಿದೆ."

ಅದನ್ನು ನೋಡಿ ಅವಳು ಬಾಯ್ತುಂಬ ನಕ್ಕಳು.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಮೈದುನ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ ಹಿಡಿದು ಬೋರ್ಡಿನ ಕೆಳಗೆ ನಿಂತಿದ್ದ. ಬಾಲವನ್ನು ಅಳಿಸುವುದೋ, ಇಡೀ ಬೋರ್ಡನ್ನೇ ಬಿಳಿ ಮಾಡುವುದೋ ಎಂದು ಅತ್ತಿಗೆಯನ್ನು ಕೇಳುತ್ತಿದ್ದ. ಕೊನೆಯ ಬಾರಿ ಕ್ಷಮೆ ಕೇಳಲೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದ ಪರಿಶೀಲಕ ಸ್ಟೂಲಿನ ಮೇಲೆ ಮುದುರಿ ಕೂತಿದ್ದ.

"ಮುಖ ನೋಡು, ಸಾವಿನ ಮನೆಗೆ ಬಂದವನ ಹಾಗೆ," ಎಂದು ಜಿಪ್ಪಕ್ಕ ನಗಲು ನೋಡಿದಳು. ಈ ಸಲ ನಗು ಅರ್ಧಕ್ಕೇ ನಿಂತಿತು. ಆದರೂ ಆ ಬೆಳ್ಳನೆಯ ಹಲ್ಲು ಒಂದು ಕ್ಷಣ ಹೊರಗೆ ಬಂದು ಒಳಗೆ ಹೋಯಿತು.

ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ಅಕ್ಕ, ಆ ಹಲ್ಲು! ಅದನ್ನ ಎಲ್ಲಿ ಕಟ್ಟಿಸಿದ್ರಿ?"

"ಸರ್ಕಾರಿ ಆಸ್ಪತ್ರೇಲಿ. ಯಾಕೆ, ನಿಂದೂ ಅಲ್ಲಾಡ್ತಿದೆಯಾ?"

"ಹದಿನಾಲ್ಕು ತಿಂಗಳು ಅಂದ್ರಲ್ಲ. ಹೋದಾಗೆಲ್ಲ ಚೀಟಿ ಕೊಡ್ತಿದ್ರಾ?"

"ಒಂದೇ ಕಾರ್ಡು. ತಿಂಗಳಿಗೊಂದು ಸಲ ಹೋದಾಗ ಠಪ್ಪಂತ ಮೊಹರು ಹೊಡೀತಿದ್ರು." ಅವಳ ಇಕ್ಕಳ ಗಾಳಿಯಲ್ಲೇ ನಿಂತಿತು. "ನನ್ನ ಹೆಸರು... ವಿಳಾಸ..."

ಕಾರ್ಡು ಬಿಸ್ಕತ್ತಿನ ಡಬ್ಬದಲ್ಲಿರಲಿಲ್ಲ. ಹಲ್ಲಿನ ಕಾರ್ಡನ್ನು ಮನೆಯ ಕಾಗದ ಎಂದು ಯಾರು ಎಣಿಸುತ್ತಾರೆ? ಅದು ಯಂತ್ರದ ಒಂದು ಕಾಲು ಗಿಡ್ಡವಾಗಿದ್ದರಿಂದ ನಾಲ್ಕು ಮಡಿಕೆಯಾಗಿ ಅದರ ಅಡಿಯಲ್ಲಿ ಸೇರಿಕೊಂಡಿತ್ತು. ಮೈದುನ ಯಂತ್ರ ಎತ್ತಿ ಹಿಡಿದ, ಇವನು ಹೊಟ್ಟೆಯ ಮೇಲೆ ಮಲಗಿ ಎಳೆದ. ಆಮೇಲೆ ಮೂವರೂ ಒಂದೇ ಸ್ಕೂಟರಿನಲ್ಲಿ ಹೊರಟರು. ನಡುವೆ ಸಿಕ್ಕಿಕೊಂಡವನು ಪರಿಶೀಲಕ, ಅಂಗಿಯ ಮುಂದೆ ದಾರದ ಚೂರು, ಬೆನ್ನಿಗೆ ಬಿಳಿ ಬಣ್ಣ.

ನಾಲ್ಕು ಇಪ್ಪತ್ತಕ್ಕೆ ಕಲಂ ಮೇಡಂ ಕಾರ್ಡನ್ನು ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ತೀಡಿ, ಒಂದೊಂದು ಮೊಹರಿನ ಮೇಲೂ ಪೆನ್ನಿನ ತುದಿ ಇಡುತ್ತ ಬಂದರು. ಹದಿನಾಲ್ಕು ತಿಂಗಳು. ಒಂಬತ್ತನೆಯದಕ್ಕೆ ಪೆನ್ನು ನಿಂತಿತು.

"ಇಲ್ಲಿ ಮೊಹರಿಲ್ಲ."

ಪರಿಶೀಲಕ ಬೆರಳು ಮಡಿಸಿ ಎಣಿಸಿದ. ಒಂಬತ್ತನೆಯದನ್ನು ಬಿಟ್ಟರೆ ಆಚೆ ಎಂಟು, ಈಚೆ ಐದು. ಎಲ್ಲೂ ಹನ್ನೆರಡಾಗುವುದಿಲ್ಲ.

"ಏನೋ ಬರೆದಿದ್ದಾರೆ," ಎಂದು ಮೇಡಂ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ದಂತವೈದ್ಯರ ನರ್ಸು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು, ತಾರೀಖು ಹಾಕಿ, ಸಹಿ ಮಾಡಿ. ಮೇಡಂ ಜೋರಾಗಿ ಓದಿದರು: "'ಡಾಕ್ಟರು ರಜೆ. ರೋಗಿ ಬಂದಿದ್ದರು. ಕೋಪ ಮಾಡಿಕೊಂಡು ಹೋದರು.'"

"ಮಾಡ್ಕೊಳ್ದೆ ಇನ್ನೇನು?" ಜಿಪ್ಪಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಂದಳು. "ಅಂಗಡಿ ಬಾಗಿಲು ಹಾಕಿ ಹೋಗಿದ್ದೆ ಮೇಡಂ. ಅರ್ಧ ಹಲ್ಲು ಬಾಯಲ್ಲಿ, ಅರ್ಧ ಅವರ ಹತ್ರ. ಬಾಯಿಗೆ ಬಂದಿದ್ದು ಅಂದೆ."

ಮೇಡಂ ಅವಳನ್ನು ನೋಡಿದರು, ಕಾರ್ಡನ್ನು ನೋಡಿದರು. ಪರಿಶೀಲಕ ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರ ತುಟಿಯ ಒಂದು ಅಂಚು ಮೇಲೇರುವುದನ್ನು ಕಂಡ. "ಮೊಹರು ಅಂತ ನಾನಂದೆ, ನಿಯಮದಲ್ಲಿ ಮೊಹರು ಅಥವಾ ಸಹಿ ಅಂತಿದೆ. ಸಹಿ ಇದೆ. ದೇಶದಲ್ಲಿ ಇಲ್ಲದವರು ಇಷ್ಟು ಕೋಪ ಮಾಡ್ಕೊಂಡು ಹೋಗೋಕೂ ಆಗಲ್ಲ." ಅರ್ಜಿಯನ್ನು ಅವನತ್ತ ತಳ್ಳಿದರು. "ನೀವೇ ಮಂಜೂರು ಮಾಡಿ. ಓದಿ ಮಾಡಿ."

ಅವನು ಓದಿದ. ಆರನೇ ಕಲಮಿಗೆ ಬಂದಾಗ ತಲೆ ಎತ್ತಿ, "ಅಕ್ಕ, ಖಾಯಂ ವಿಳಾಸ ಬದಲಾಯಿಸೋದಿದ್ರೆ ಈಗಲೇ ಬದಲಾಯಿಸಬಹುದು," ಎಂದ.

"ಬದಲಾಯಿಸಲೇಬೇಕಾ?"

"ಏನಿಲ್ಲ."

"ಹಾಗಾದ್ರೆ ಅದು ಅಲ್ಲೇ ಇರಲಿ ಬಿಡು. ಅಮ್ಮ ಇದ್ದಾಳಲ್ಲ."

ನಾಲ್ಕು ನಲವತ್ತೇಳಕ್ಕೆ ಅವನು ಗುಂಡಿ ಒತ್ತಿದ, ಇನ್ನೊಂದನ್ನು. ಅದಕ್ಕೆ ಏನು ಹೆಸರಿದೆಯೆಂದು ಅವನು ಗಮನಿಸಿದ್ದೇ ಆಗ: 'ಸಂತೋಷ'.

ಗಲ್ಲಿಗೆ ವಾಪಸಾದಾಗ ಟೇಪು ಕೀಳುವ ಮರ್ಯಾದೆಯನ್ನು ಅವನಿಗೇ ಬಿಟ್ಟರು. ಸ್ಟೂಲಿನ ಮೇಲೆ ಹತ್ತಿ, ಉಗುರಿನಿಂದ ಅಂಚು ಎಬ್ಬಿಸಿ, ಗತ್ತಿನಿಂದ ಒಂದೇ ಸಲಕ್ಕೆ ಎಳೆದ. ಟೇಪಿನ ಜೊತೆ ಬಾಲದ ಎರಡನೇ ಅಕ್ಷರದ ಅರ್ಧವೂ ಬಂದುಬಿಟ್ಟಿತು.

"ಅಯ್ಯೋ ನನ್ನ ಬಣ್ಣ!" ಎಂದು ಮೈದುನ ಬೊಬ್ಬೆ ಹಾಕಿದ. "ಇವನನ್ನ ಇಳಿಸಿ ಅತ್ತಿಗೆ, ಕೊಟ್ಟ ಬಾಲಾನ ಅವನೇ ಕಿತ್ಕೊಂಡ!"

"ಬಿಡೋ, ಅರ್ಧ ದಿನದಲ್ಲಿ ಬರೀತೀಯ. ನನ್ನ ಹಲ್ಲಿನಷ್ಟೇನೂ ಹಿಡಿಯಲ್ಲ," ಎಂದಳು ಜಿಪ್ಪಕ್ಕ. ಅವಳು ಆಗಲೇ ಯಂತ್ರದ ಮುಂದೆ ಕೂತಿದ್ದಳು. ಅಡಿಯ ಕಾರ್ಡು ಕಚೇರಿಯಲ್ಲೇ ಉಳಿದದ್ದರಿಂದ ಯಂತ್ರ ಗಡಗಡ ಕುಣಿಯುತ್ತಿತ್ತು. ಅವಳು ಸುತ್ತ ನೋಡಿ, ಮೇಲೆ ಅಂಟಿಸಿದ್ದ ವಿಷಾದದ ಪತ್ರವನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ಗಿಡ್ಡ ಕಾಲಿನ ಅಡಿಗೆ ಕೊಟ್ಟಳು. ಯಂತ್ರ ಸುಮ್ಮನಾಯಿತು.

"ಚೀಲ ಕೊಡಿಲ್ಲಿ."

"ಜಿಪ್ ಸರಿಯಾಗಿದೆ ಅಕ್ಕ."

"ಜಿಪ್ಪಿಗಲ್ಲ." ಆರುನೂರು ಪಟ್ಟಿಗಳ ಕಟ್ಟಿನಿಂದ ಮೊದಲನೆಯದನ್ನು ಎಳೆದು, ಚೀಲದ ಒಳಗೆ ಇಟ್ಟು, ಸೂಜಿಯ ಅಡಿಗೆ ತಳ್ಳಿದಳು. "ಎಲ್ಲಾದ್ರೂ ಬಿಟ್ಟುಬಂದ್ರೆ ಸಿಕ್ಕಿದವರು ಎಲ್ಲಿಗೆ ತಂದುಕೊಡ್ಬೇಕು? ನಿನ್ನ ಹೆಸರಲ್ಲಂತೂ ಒಂದು ವಿಳಾಸವೂ ಇಲ್ಲ. ನನ್ನದಾದ್ರೂ ಇರಲಿ ಇಟ್ಕೋ."